ರಾಕ್ಷಸನಿಗೆ ಜೀರ್ಣವಾಗದ ಮಾತು

"ಕೇಳ್ರಪ್ಪೋ ಕೇಳಿ! ಕೋಟೆ ಬಾಗಿಲಲ್ಲಿ ಕೂತಿರುವ ರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ಸರ್ಜಪ್ಪನಾಯಕ ದೊರೆಗಳು ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರನ್ನು ರಾಕ್ಷಸನೇ ನೋಡಿಕೊಳ್ಳುತ್ತಾನೆ!" ಎಂದು ಹುಲಿಗೋಟೆಯಲ್ಲಿ ಡಂಗುರ ಸಾರಿದರು.

ಹೇಮ್ಲನೆಂಬ ಲಂಬಾಣಿ ತರುಣ ಕೇಳಿಸಿಕೊಂಡು ಬಂದ. ಅವನ ತಾಂಡದವರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವರು. ಆ ಎತ್ತುಗಳನ್ನೆಲ್ಲ ದೊರೆಯ ಆಳುಗಳು ಹೊಡೆದುಕೊಂಡು ಹೋಗಿ ಅರಮನೆಯ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಎತ್ತಿಲ್ಲದ ಲಂಬಾಣಿಗೆ ದಾರಿಯೂ ಇಲ್ಲ, ಕೂಳೂ ಇಲ್ಲ.

ರಾಕ್ಷಸ ಹೊಟ್ಟೆ ಹಿಡಿದು ನರಳುತ್ತಿದ್ದ. ಕೋಟೆಯತ್ತ ಕೈ ತೋರಿಸಿ, ತನ್ನ ಸಿಪಾಯಿಗಳಿಗೆ 'ಲೂಟ್' ಎಂದು ಅಪ್ಪಣೆ ಕೊಡುತ್ತಿದ್ದ ಇಂಗ್ಲಿಷ್ ಸಾಹೇಬನೊಬ್ಬನನ್ನು ಅವನು ನುಂಗಿದ್ದ. ಸಾಹೇಬ ಜೀರ್ಣವಾದ, ಮಾತು ಆಗಲಿಲ್ಲ.

"ಈ ಮಾತಿನ ಕೆಲಸವೇನು? ಇದನ್ನು ನುಡಿಯುವುದು ಹೇಗೆ? ಇದರ ತವರು ಯಾವುದು? ಸರಿಯಾದ ಉತ್ತರ ನನ್ನ ಹೊಟ್ಟೆಗೇ ತಿಳಿಯುತ್ತದೆ" ಎಂದ.

ಮೊದಲು ಬಂದ ಆಸ್ಥಾನದ ಪಂಡಿತರೊಬ್ಬರಿಗೆ ಅರ್ಥ ಗೊತ್ತಿರಲಿಲ್ಲವೆಂದಲ್ಲ. ಆದರೆ ಮೇಲೆ ಬುರುಜಿನಲ್ಲಿ ದೊರೆ ನಿಂತಿದ್ದನಲ್ಲ! ಅವನ ಆಳುಗಳ ದಿನನಿತ್ಯದ ಕಸುಬೇ ಅದು. ಅರಮನೆಯಲ್ಲಿ ಅದನ್ನು 'ಕಾಣಿಕೆ' ಎನ್ನಬೇಕಿತ್ತು. "ಕಾಣಿಕೆ ಸ್ವೀಕರಿಸು ಎಂದರ್ಥ" ಎಂದರು ಪಂಡಿತರು. ರಾಕ್ಷಸನ ಹೊಟ್ಟೆ ಗುಡುಗಿತು. ಅವರನ್ನು ನುಂಗಿದ; ಪೇಟವೊಂದೇ ನೆಲದ ಮೇಲೆ ಉಳಿಯಿತು.

ಆಮೇಲೆ ಬಂದ ಅರಮನೆಯ ದುಭಾಷಿ ಜಾಣ. ದೊರೆಗೆ ಕೇಳಿಸದಂತೆ "ಕಸಿದುಕೊಳ್ಳು" ಎಂದು ಪಿಸುಗುಟ್ಟಿ ಮೊದಲನೆಯದನ್ನು ದಾಟಿದ. ಎರಡನೆಯದಕ್ಕೆ ತುಟಿ ದುಂಡಗೆ ಮಾಡಿ, ನಾಲಗೆಯನ್ನು ಹಗುರವಾಗಿ ತಾಗಿಸಿ "ಲೂಟ್" ಎಂದ.

"ಸಾಹೇಬನೂ ಹೀಗೇ ಅಂದಿದ್ದ. ನೋವು ಹೋಗಲಿಲ್ಲ" ಎಂದ ರಾಕ್ಷಸ, ಅವನನ್ನೂ ನುಂಗಿದ.

ಹೇಮ್ಲನ ಸರದಿ ಬಂತು. ಸುಳ್ಳು ಹೇಳಿದರೆ ಎದುರಿನವನು ತಿನ್ನುತ್ತಾನೆ, ನಿಜ ಹೇಳಿದರೆ ಮೇಲಿನವನು ಬಿಡುವುದಿಲ್ಲ. ಎತ್ತುಗಳನ್ನು ನೆನೆದು ಮುಂದೆ ಬಂದ.

"ಇದರ ಕೆಲಸವೇನೋ?"

"ಇನ್ನೊಬ್ಬರದನ್ನ ಬಲವಂತವಾಗಿ ಹೊತ್ಕೊಂಡು ಹೋಗೋದು, ಅಪ್ಪಾ. ನಮ್ಮ ಎತ್ತು ಹೋದವಲ್ಲ, ಹಂಗೆ."

ಬುರುಜಿನ ಮೇಲೆ ಕತ್ತಿ ಒರೆಯಿಂದ ಸರಿದ ಸದ್ದಾಯಿತು. ರಾಕ್ಷಸ ಒಮ್ಮೆ ಉಸಿರುಬಿಟ್ಟ.

"ನುಡಿಯುವುದು ಹೇಗೆ?"

ಬಹುಕಾಲದ ಮೇಲೆ ನೆಂಟರು ಸಿಕ್ಕರೆ ತಾಂಡದ ಹೆಂಗಸರು ತಬ್ಬಿಕೊಂಡು, ನಡೆದದ್ದನ್ನೆಲ್ಲ ಹಾಡಿನಲ್ಲಿ ಹೇಳಿಕೊಂಡು ಅಳುತ್ತಾರೆ. ಎತ್ತುಗಳು ಹೋದ ಮೇಲೆ ಹೇಮ್ಲನ ಯಾಡಿ, ಅಂದರೆ ಅವ್ವ, ತನ್ನ ತಂಗಿಯ ಕೊರಳು ತಬ್ಬಿ ಅತ್ತಿದ್ದಳು. ಅವನು ಕಣ್ಣು ಮುಚ್ಚಿ ಅವಳಂತೆಯೇ ರಾಗವೆಳೆದ: "ಲೂ...ಟ್!" ಅಳು ತಾನಾಗಿ ಬಂತು. "ಮಾಡೋರ ಬಾಯಾಗೆ ಇದು ಬೇಗ ಮುಗೀತದೆ, ಅಪ್ಪಾ. ಕಳಕೊಂಡೋರ ಬಾಯಾಗೆ ಮುಗಿಯೋದೇ ಇಲ್ಲ."

ರಾಕ್ಷಸನ ಕಣ್ಣೂ ತೇವವಾಯಿತು. "ತವರು? ಏಳು ಸಮುದ್ರದಾಚೆಯೋ?"

"ಅಲ್ಲ, ಈ ನೆಲವೇ. ಸಾಹೇಬರು ಬರೋದಕ್ಕೆ ಮುಂಚೆನೇ ನಮ್ಮ ಮುತ್ತಾತಂದಿರು ಈ ಮಾತು ಹೇಳಿ ಅತ್ತೋರು. ಸಾಹೇಬರು ಬಂದು ಚಿನ್ನ ಒಯ್ದರು, ಅಕ್ಕಿ ಒಯ್ದರು. ಆ ಕೆಲಸಕ್ಕೊಂದು ಹೆಸರು ಬೇಕಾಯ್ತು, ಅದನ್ನೂ ಇಲ್ಲಿಂದಲೇ ಒಯ್ದರು."

ರಾಕ್ಷಸ ಕೋಟೆ ನಡುಗುವಂತೆ ತೇಗಿದ. ನೋವು ಹೋಯಿತು. ಎದ್ದು ಹೊರಟ.

ದೊರೆ ಇಳಿದು ಬಂದ. "ಏನು ಬೇಕು ಕೇಳು."

"ನಮ್ಮ ಎತ್ತು, ಬುದ್ಧೀ."

"ಅವು ನಮಗೆ ಬಂದ ಕಾಣಿಕೆ!"

ಹೊರಟಿದ್ದ ರಾಕ್ಷಸ ನಿಂತು, ತಿರುಗಿ ನೋಡಿ, ಹೊಟ್ಟೆ ಸವರಿಕೊಂಡ. "ಆ ಪಂಡಿತನೂ ಇದೇ ಮಾತು ಅಂದಿದ್ದ" ಎಂದ.

ದೊರೆ ತಾನೇ ಓಡಿಹೋಗಿ ಕೊಟ್ಟಿಗೆಯ ಅಗಳಿ ತೆಗೆದ.

ಎತ್ತುಗಳು ಗಂಟೆ ಆಡಿಸುತ್ತ ತಾಂಡಕ್ಕೆ ಮರಳಿದಾಗ ಯಾಡಿ ಮಗನ ಕೊರಳು ತಬ್ಬಿ, ನಡೆದದ್ದನ್ನೆಲ್ಲ ಹಾಡಿಕೊಂಡು ಅತ್ತಳು. ಈ ಸಲ ಅವಳ ಹಾಡಿನಲ್ಲಿ 'ಲೂಟ್' ಎಂಬ ಮಾತೊಂದು ಮಾತ್ರ ಇರಲಿಲ್ಲ.