ಬನ್ನಿ ಅಲ್ಲದ ಎಲೆ

ಘಟಪ್ರಭೆಯ ದಡದ ನೇಕಾರರ ಊರೊಂದರಲ್ಲಿ, ಕೈಬಿಟ್ಟ ಮಗ್ಗದ ಮನೆಯೇ ಪೂಜ್ಯ ಗುರುಪಾದಯ್ಯ ಅಜ್ಜನವರ ಮಠವಾಗಿತ್ತು. ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದರು. ಅವರು ಸತ್ತವರನ್ನು ಎಬ್ಬಿಸಿದರೆಂದು ಯಾರೂ ಹೇಳುವುದಿಲ್ಲ. ನೀರನ್ನು ತುಪ್ಪ ಮಾಡಿದ್ದೂ ಇಲ್ಲ. ಈ ಪ್ರಸಂಗದಲ್ಲಿ ಅವರು ಆಡಿದ್ದು ನಾಲ್ಕೈದು ಮಾತು ಮಾತ್ರ.

ವಿಜಯದಶಮಿಯ ಸಂಜೆ ಊರಿನವರೆಲ್ಲ ಅಲ್ಲಿ ಸೇರುವುದು ವಾಡಿಕೆ. ಅಂದು ಬನ್ನಿ ಎಲೆಗೆ ಬಂಗಾರವೆಂದು ಹೆಸರು. ಕಿರಿಯರು ಹಿರಿಯರ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, "ಬಂಗಾರ ತಗೊಂಡು ಬಂಗಾರದಂಗ ಇರೋಣು" ಎನ್ನಬೇಕು. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಬೇಡವೆನ್ನುವಂತಿಲ್ಲ. ಅಜ್ಜನವರು ಮುಟ್ಟಿ ಕೊಟ್ಟ ಎಲೆ ಹಿಡಿದು ಜನ ಮನೆಮನೆಗೆ ಹೊರಡುತ್ತಿದ್ದರು.

ಆ ವರ್ಷ ಗುಂಪನ್ನು ಸರಿಸಿಕೊಂಡು ಮುಂದೆ ಬಂದವನು ವಿರೂಪಾಕ್ಷ ಬಣಕಾರ, ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕ. ಅಣ್ಣ ಸಂಗನಬಸಪ್ಪನ ಜೊತೆ ಅವನು ಮಾತು ಬಿಟ್ಟು ಆರು ವರ್ಷವಾಗಿತ್ತು. ತಾಯಿ ತೀರಿದಾಗ ಇವನು ಕ್ರಿಯೆಗೆ ಕೂರಲು ಒಪ್ಪಲಿಲ್ಲ. "ನೀ ನಮ್ಮವ್ವನ ಮಗನ ಅಲ್ಲ" ಎಂದು ಅಣ್ಣ ಬೀಗರ ಮುಂದೆಯೇ ಅಂದುಬಿಟ್ಟಿದ್ದ. ಕಿರಿಯವನು ಬನ್ನಿ ಕೊಡದೆ ಹಿರಿಯವನು ಮಾತಾಡುವಂತಿಲ್ಲ. ಕಿರಿಯವನಿಗೆ ಬನ್ನಿಯಲ್ಲಿ ನಂಬಿಕೆಯಿಲ್ಲ. ಆ ಬೇಸಿಗೆಯಲ್ಲಿ ಅಣ್ಣನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ನೋಡಿ ಬರಬೇಕೆಂದು ತಮ್ಮ ಎರಡು ಸಲ ಓಣಿಯ ತಿರುವಿನವರೆಗೆ ಹೋಗಿ ಮರಳಿದ್ದ.

"ಅಜ್ಜಾರ, ಇದು ಬನ್ನಿ ಅಲ್ರಿ," ಎಂದು ಅವನು ಬುಟ್ಟಿಯಿಂದ ಎಲೆಯೊಂದನ್ನು ಎತ್ತಿ ತೋರಿಸಿದ. "ಆರಿ ಎಲಿ. ಎರಡು ಹೋಳು ನೋಡ್ರಿ. ಬನ್ನಿ ಎಲಿ ಹುಣಸಿ ಎಲಿಗಿಂತ ಸಣ್ಣದು, ಗಿಡದ ತುಂಬ ಮುಳ್ಳು. ಊರಿಗೆ ಊರ ತಪ್ಪು ಎಲಿ ಹಂಚಾಕತ್ತೈತಿ."

"ನೀವು ಸರಿ ಎಲಿನೂ ಯಾರಿಗೂ ಕೊಟ್ಟಿಲ್ಲ ಬಿಡ್ರಿ, ಮಾಸ್ತರ," ಎಂದಳು ಮಗ್ಗಕ್ಕೆ ನೂಲಿನ ಕಂಡಿಗೆ ಸುತ್ತುವ ಒಬ್ಬ ಮುದುಕಿ. ಕೆಲವರು ನಕ್ಕರು.

ಅಜ್ಜನವರು ನಗಲಿಲ್ಲ. ಎಲೆಯನ್ನು ತಿರುಗಿಸಿ ನೋಡಿದರು.

"ಖರೇ ಹೇಳಿದ್ರಿ. ಖರೇ ಬನ್ನಿ ಎಲ್ಲೈತಿ?"

ಊರಲ್ಲಿ ಉಳಿದಿದ್ದ ಬನ್ನಿಗಿಡ ಒಂದೇ. ಮುಳ್ಳಿಗೆ ಹೆದರಿ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ; ಆರಿ ಎಲೆಯಾದರೆ ಬುಟ್ಟಿ ಬೇಗ ತುಂಬುತ್ತದೆ.

"ನಮ್ಮಣ್ಣನ ಹಿತ್ತಲದಾಗ," ಎಂದ ವಿರೂಪಾಕ್ಷ.

"ತರ್ರಿ. ತಪ್ಪು ಎಲಿ ಹಂಚೂದು ಬ್ಯಾಡ. ಕಾಯ್ತೀವಿ." ಅಜ್ಜನವರು ಬುಟ್ಟಿಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು. ನಿಂತಿದ್ದ ಜನ ಒಬ್ಬೊಬ್ಬರಾಗಿ ಕೂತರು.

"ಬ್ಯಾರೆ ಯಾರನ್ನರ ಕಳಸ್ರಿ, ಅಜ್ಜಾರ."

"ಗುರ್ತು ಇದ್ದವರ ಹೋಗಬೇಕು," ಎಂದರು ಅಜ್ಜನವರು.

ಯಾವುದರ ಗುರುತೆಂದು ಅವರು ಬಿಡಿಸಿ ಹೇಳಲಿಲ್ಲ. ವಿರೂಪಾಕ್ಷನೂ ಕೇಳಲಿಲ್ಲ. ಇಡೀ ಊರು ತನ್ನ ಪಾಠವನ್ನು ಒಪ್ಪಿಕೊಂಡು ಕಾಯುತ್ತ ಕೂತಾಗ ಮೇಷ್ಟರಿಗೆ ಹೋಗದೆ ದಾರಿಯಿರಲಿಲ್ಲ.

ಮುಂದಿನದನ್ನು ಕಂಡವರು ಅತ್ತಿಗೆ ಶಾಂತವ್ವ. ತಮ್ಮ ಕೊನೆಗಾಲದವರೆಗೂ ಅದನ್ನು ಒಂದಕ್ಷರ ಕೂಡಿಸದೆ ಹೇಳುತ್ತಿದ್ದರು. ಮೈದುನ ಬಂದು ನೇರ ಹಿತ್ತಲಿಗೆ ಹೋದ. ಮುಳ್ಳಿನ ನಡುವೆ ಕೈಹಾಕಿ ಎಲೆ ಕಿತ್ತ, ಬೆರಳು ತರಚಿಕೊಂಡ. ಹೊರಡಲು ತಿರುಗಿದಾಗ ಪಡಸಾಲೆಯ ಬಾಗಿಲಲ್ಲಿ ಗೋಡೆ ಹಿಡಿದು ಅಣ್ಣ ನಿಂತಿದ್ದ.

"ಯಾರಿಗದು?"

ವಿರೂಪಾಕ್ಷ ಎಲೆ ಹಿಡಿದ ಕೈ ಮುಂದೆ ಚಾಚಿದ.

ಸಂಗನಬಸಪ್ಪ ಎಡಗೈ ಎತ್ತಿದವನು ಅರ್ಧಕ್ಕೇ ಹಿಂದೆಗೆದುಕೊಂಡ. ಒಂದು ಹಬ್ಬ, ಒಂದು ನೇಮ ತಪ್ಪಿಸಿದವನಲ್ಲ ಅವನು.

"ಎಡಗೈಲೆ ಇಸ್ಕೋಬಾರ್ದೋ. ಬಲಗೈ ಬರಂಗಿಲ್ಲ," ಎಂದ, ತೊದಲುತ್ತ.

ತಮ್ಮ ಹತ್ತಿರ ಹೋದ. ಜೋತುಬಿದ್ದ ಬಲಗೈಯನ್ನು ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಲೆ ಇಟ್ಟು, ಮತ್ತೆ ಒಂದೊಂದಾಗಿ ಮಡಿಚಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನಿಂತ. ಬನ್ನಿ ಕೊಡುವಾಗ ಹೇಳಬೇಕಾದ ಮಾತನ್ನು, ಒಂದು ಪದವನ್ನೂ ಬಿಡದೆ, ಹೇಳಿದ. ಆಮೇಲೆ ಬಗ್ಗಿ ಅಣ್ಣನ ಕಾಲು ಮುಟ್ಟಿದವನು, ಶಾಂತವ್ವ ದೀಪ ತಂದರೂ ಮೇಲೇಳಲಿಲ್ಲ.