ಜಪ್ತಿಯಾದ ಟೆಂಪೊ ಮತ್ತು ಬಾಣಂತಿ ಹೆಗ್ಗಣ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಠಾಣೆಯ ಹಿಂದಿನ ಇಳಿಜಾರಿನಲ್ಲಿ ಜಪ್ತಿಯಾದ ಟೆಂಪೊ ನಿಂತಿತ್ತು. ಅದರ ಮುಂದೆಯೇ ಬಿಲ ತೋಡಿ ಮರಿ ಹಾಕಿದ್ದ ಹೆಗ್ಗಣವೊಂದು, ಮರಿಗಳಿಗೆ ಹಾಸಲೆಂದು ಬ್ರೇಕಿನ ಪೈಪಿಗೆ ಬಾಯಿ ಹಾಕಿತು.

“ಬೇಡ ಕಣಮ್ಮ,” ಎಂದಿತು ಟೆಂಪೊ. “ನನ್ನ ಕೇಸಿನ್ನೂ ಕೋರ್ಟಿನಲ್ಲಿದೆ. ತೀರ್ಪಾದರೆ ಯಜಮಾನ ಬರುತ್ತಾನೆ.”

“ಗಾಲಿಗೆ ಬಳ್ಳಿ ಹಬ್ಬಿದೆ, ಇನ್ನೂ ಯಜಮಾನನಂತೆ! ಕೇಳುವವರಿಲ್ಲದ ಮಾಲು ಸಿಕ್ಕವರದ್ದು ಕಣಣ್ಣ,” ಎಂದ ಹೆಗ್ಗಣ ಕಂಡದ್ದನ್ನೆಲ್ಲ ಕಡಿದೊಯ್ದು ಮೆತ್ತಗೆ ಹಾಸಿತು.

ಯಜಮಾನ ಬಂದೇ ಬಂದ. ಗಾಲಿಗೆ ಕೊಟ್ಟಿದ್ದ ಕಲ್ಲು ತೆಗೆಸಿದ್ದೇ ತಡ, ಟೆಂಪೊ ಉರುಳಿತು. ಬ್ರೇಕು ತುಳಿದರೂ ನಿಲ್ಲಲಿಲ್ಲ. “ಮರಿಗಳನ್ನೆತ್ತಿಕೋ ತಾಯಿ!” ಎಂದು ಅದು ಹಾರನ್ ಹೊಡೆದು ಅರಚಿತು. ಮೇಯಲು ಹೋಗಿದ್ದ ಹೆಗ್ಗಣ ಬರುವಷ್ಟರಲ್ಲಿ ಗಾಲಿ ಬಿಲದ ಮೇಲೆ ಹಾದುಹೋಗಿತ್ತು.

ಸರಿ, ಒಂದು ಮಾತು ಮಾತ್ರ ನಾನು ಸೇರಿಸಿದ್ದು. ಹಾರನ್ ಕೂಗಲಿಲ್ಲ. ಅದರ ತಂತಿಯೂ ಮರಿಗಳ ಹಾಸಿಗೆಯಲ್ಲೇ ಇತ್ತು.