ತಾಳುವ ತಂತಿ

"ಮೇಷ್ಟ್ರೇ, ಮೂರು ವರ್ಷ ಹಾಲೇಶನ ಪಕ್ಕದಲ್ಲೇ ಕೂತು ಕೆಲಸ ಮಾಡಿದೆ. ಒಳಗೆ ಅಷ್ಟು ಬೇಯುತ್ತಿದ್ದವನ ಬಿಸಿ ನನಗೇಕೆ ತಾಗಲಿಲ್ಲ?" ಎಂದು ಶಿಷ್ಯೆ ಕೇಳಿದಳು. ಹಾಲೇಶ ಸಂಶೋಧನೆಯನ್ನೇ ಬಿಟ್ಟು, ಪ್ರಯೋಗಾಲಯದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋಗಿ ಎರಡು ದಿನವಾಗಿತ್ತು. ಫೋನ್ ಎತ್ತುತ್ತಿರಲಿಲ್ಲ.

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ. ಅತಿವಾಹಕ ತಂತಿಯ ಸುರುಳಿಗಳಿಂದ ಅಯಸ್ಕಾಂತ ಮಾಡುವುದು ಅವನ ಕಸುಬು. ತಕ್ಕಷ್ಟು ತಂಪಿನಲ್ಲಿಟ್ಟರೆ ಆ ತಂತಿ ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಸಾಗಿಸುತ್ತದೆ. ಹಳೆಯ ತಂತಿ ಬಹಳ ನಾಜೂಕು. ಒಂದು ಕಡೆ ತುಸು ಬಿಸಿಯಾದರೆ ಸಾಕು, ಕ್ಷಣದಲ್ಲಿ ಆ ಬಿಸಿ ಹರಡಿ ಇಡೀ ಸುರುಳಿಯೇ ರಂಪ ಮಾಡುತ್ತಿತ್ತು. ವೋಲ್ಟೇಜು ತೋರಿಸುವ ಮೀಟರಿನ ಮುಳ್ಳು ಹಾರುತ್ತಿತ್ತು, ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು, ಅವನು ವಿದ್ಯುತ್ ನಿಲ್ಲಿಸುತ್ತಿದ್ದ. ಆಮೇಲೆ ಹೊಸ ತಂತಿ ಬಂತು. ಅದಕ್ಕೆ ಅಷ್ಟೊಂದು ತಂಪು ಬೇಕಿರಲಿಲ್ಲ, ಎಷ್ಟೋ ಬಿಸಿಯನ್ನು ತಾಳಿಕೊಳ್ಳುತ್ತಿತ್ತು. ಎಂಜಿನಿಯರನಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಮೀಟರನ್ನು ಮಾತ್ರ ಹಳೆಯ ರೂಢಿಯಂತೆ ಸುರುಳಿಯ ಎರಡು ತುದಿಗಳಿಗಷ್ಟೇ ಜೋಡಿಸಿದ.

ಒಂದು ಬೆಳಿಗ್ಗೆ ಮುಳ್ಳು ಕೂದಲೆಳೆಯಷ್ಟು ಸರಿಯಿತು. ಸುರುಳಿ ಸುತ್ತಿದ್ದ ಹೆಂಗಸು ಅದನ್ನು ನೋಡಿ, "ಇವತ್ತಿಗೆ ಸಾಕು ಮಾಡೋಣ ಸಾರ್. ಏನೋ ಸರಿಯಿಲ್ಲ" ಎಂದಳು.

"ಇಷ್ಟಕ್ಕೆಲ್ಲ ನಿಲ್ಲಿಸಿದರೆ ಕೆಲಸ ಆದ ಹಾಗೇ ಬಿಡಮ್ಮ. ಇದು ತಾಳುವ ತಂತಿ" ಎಂದ ಅವನು, ಗಂಟೆ ಬಾರಿಸುವ ಮಿತಿಯನ್ನು ಇನ್ನಷ್ಟು ಮೇಲಕ್ಕೇರಿಸಿದ.

ತಾಳುವ ತಂತಿಯಲ್ಲಿ ಬಿಸಿ ಬೇಗ ಹರಡುವುದಿಲ್ಲ, ಹುಟ್ಟಿದಲ್ಲೇ ಕೂರುತ್ತದೆ. ಇಡೀ ತಂತಿಯ ಲೆಕ್ಕದಲ್ಲಿ ಏನೂ ಅಲ್ಲದ ಆ ವೋಲ್ಟೇಜು ಪೂರ್ತಿಯಾಗಿ ಬೆರಳಗಲದ ಒಂದೇ ಜಾಗದ ಮೇಲೆ ಬಿದ್ದಿತ್ತು. ಆಗಲೇ ವಿದ್ಯುತ್ ಇಳಿಸಿದ್ದರೆ ಆ ಜಾಗ ತಾನಾಗಿ ತಣ್ಣಗಾಗಿ ತಂತಿ ಉಳಿಯುತ್ತಿತ್ತು. ಗಂಟೆ ಬಾರಿಸುವ ಹೊತ್ತಿಗೆ ಅದು ಸುಟ್ಟುಹೋಗಿತ್ತು. ಹೆಂಗಸು ತನ್ನ ಆರು ತಿಂಗಳ ಕೆಲಸವನ್ನು ಬಿಚ್ಚಿದಳು. ಬೆರಳಗಲ ಕಪ್ಪಾಗಿತ್ತು. ಅದರ ಅಕ್ಕಪಕ್ಕದ ತಂತಿ ಹೊಸದರಂತೆ ಹೊಳೆಯುತ್ತಿತ್ತು. ಎಂಜಿನಿಯರನಿಗೆ ಅವಳ ಮುಖ ನೋಡಲಾಗಲಿಲ್ಲ.

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಅಲ್ಲಿ ಮುಳ್ಳಾದರೂ ಸರಿದಿತ್ತು. ಹಾಲೇಶ ಅಷ್ಟು ಸೂಚನೆಯನ್ನೂ ಕೊಡಲಿಲ್ಲವಲ್ಲ, ಮೇಷ್ಟ್ರೇ?"

"ಕೊಟ್ಟಿದ್ದನಮ್ಮ. ಹೋದ ವಾರ ನನ್ನ ಬಾಗಿಲ ತನಕ ಬಂದು ‘ಏನಿಲ್ಲ ಮೇಷ್ಟ್ರೇ’ ಎಂದು ಹೊರಟಾಗ, ನಾನು ‘ಸರಿ’ ಎಂದೆ."